ಹುರುಳಿಗೆ ಹುಣಸೆ ಬಿದ್ದ ದಿನ

ಪಾವಗಡಕ್ಕೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ ನನಗೆ ಟೀ ಕಾಯಿಸುವುದು ಬಿಟ್ಟರೆ ಬೇರೆ ಅಡುಗೆ ಬರುತ್ತಿರಲಿಲ್ಲ. ಶಿರಾದ ನಮ್ಮ ಮನೆಯಲ್ಲಿ ಅಮ್ಮ ಗಂಡುಮಕ್ಕಳನ್ನು ಒಲೆಯ ಹತ್ತಿರ ಬಿಟ್ಟುಕೊಂಡವಳಲ್ಲ. ಅದೇ ಶಾಲೆಯ ಹಿರಿಯ ಮೇಷ್ಟ್ರೊಬ್ಬರ ಜೊತೆ ಬಾಡಿಗೆ ಮನೆ ಹಂಚಿಕೊಂಡೆ. ಅವರು ಮಧುಗಿರಿಯವರು. ಕೈರುಚಿ ಚೆನ್ನಾಗಿತ್ತು, ಅದನ್ನು ದಿನವೂ ಅವರೇ ಹೇಳಿಕೊಳ್ಳುತ್ತಿದ್ದರು.

ಒಂದು ಭಾನುವಾರ ಮುದ್ದೆ ನಾನೇ ಮಾಡುತ್ತೇನೆಂದೆ. ನೀರು ಉಗುರುಬೆಚ್ಚಗಾಗುತ್ತಲೇ ಹಿಟ್ಟು ಸುರಿದು, ಸುರಿದ ಕೂಡಲೇ ಕೋಲಾಡಿಸಿದೆ. ಅವರು ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಒಂದು ಮಾತೂ ಹೇಳಲಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿದರೆ ಒಳಗೆಲ್ಲ ಒಣಹಿಟ್ಟಿನ ಗಂಟು. ತಕ್ಷಣ ಮೊಬೈಲ್ ತೆಗೆದು ಫೋಟೊ ಹೊಡೆದರು, ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮರುದಿನ ಸ್ಟಾಫ್ ರೂಮಿನಲ್ಲಿ, "ನಮ್ಮ ಮೇಷ್ಟ್ರ ಮುದ್ದೆ ಮುರಿಯೋವಾಗ ಕಣ್ಣು ಮುಚ್ಕಳಿ, ಹಿಟ್ಟು ಹಾರ್ತದೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ, ಮಕ್ಕಳ ಎದುರಿಗೂ ಅದೇ ಮಾತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ಅವರ ಹತ್ತಿರ ಹೋಗಿ, ಮುದ್ದೆ ಮಾಡುವುದು ಹೇಗೆಂದು ನಾಚಿಕೆ ಬಿಟ್ಟು ಕೇಳಿದೆ.

"ಏಮಪ್ಪಾ, ಇಷ್ಟೇನಾ? ಎಸರು ಚೆಂದಾಗಿ ಕುದೀಬೇಕು. ಹಿಟ್ಟು ಹಾಕ್ಬುಟ್ಟು ಮುಟ್ಬ್ಯಾಡ, ಅಂಗೇ ಬೇಯ್ಲಿ. ಬೆಂದ್ಮೇಲೆ ಉರಿ ಸಣ್ಣ ಮಾಡ್ಕಂಡು ತಿರುವು."

"ಆದ್ರೂ ಗಂಟಾದ್ರೆ?"

"ಕೋಲಲ್ಲಿ ಪಾತ್ರೆ ಮಗ್ಗುಲಿಗೆ ಒತ್ತಿ ಒಡಿ. ಒಸಿ ಬಿಸ್ನೀರು ಚಿಮುಕ್ಸಿ ಮುಚ್ಚಿಡು. ತಣ್ಣೀರು ಹಾಕ್ಬ್ಯಾಡ."

ಉಳಿದದ್ದನ್ನೂ ಅವರೇ ಹೇಳಿಕೊಟ್ಟರು. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿಲ್ಲದ ಬೇಳೆ ಬೇಯಿಸಿ ಸೇರಿಸಬೇಕು. ತಳ ಹಿಡಿದರೆ ಕೆರೆಯಬಾರದು, ಮೇಲಿನದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಹುರುಳಿ ಬೇಯುವ ಮೊದಲೇ ಹುಣಸೆ ಬಿದ್ದರೆ ಕಾಳು ಮೊಂಡು ಹಿಡಿಯುತ್ತದೆ. ಆಗ ಹುಳಿನೀರು ಬಸಿದು, ಹೊಸ ನೀರಿಗೆ ಚಿಟಿಕೆ ಸೋಡ ಹಾಕಿ ಕುಕ್ಕರ್ ಕೂಗಿಸಬೇಕು.

ಹಿರಿಯ ಮೇಷ್ಟ್ರಿಗೆ ಬಡ್ತಿ ಸಿಕ್ಕಿ ಕೊರಟಗೆರೆ ಕಡೆಗೆ ವರ್ಗವಾಯಿತು. ಹೆಡ್ಮಾಸ್ಟರನ್ನೂ ಸಹೋದ್ಯೋಗಿಗಳನ್ನೂ ಊಟಕ್ಕೆ ಕರೆದರು. ಮುದ್ದೆ, ಹುರುಳಿಕಾಳಿನ ಸಾರು. ಆ ಬೆಳಿಗ್ಗೆ ಫೋನಿನ ಮೇಲೆ ಫೋನು. ಯಾರೋ ಹೊಗಳುತ್ತಿದ್ದರು, ಇವರು ಹಿಗ್ಗುತ್ತಿದ್ದರು. ಹಾಗೆ ಮಾತಾಡುತ್ತಲೇ ನೆನೆಸಿದ ಕಾಳಿನ ಜೊತೆ ಹುಣಸೆರಸವನ್ನೂ ಕುಕ್ಕರಿಗೆ ಸುರಿದರು. ನಾನು ಈರುಳ್ಳಿ ಹೆಚ್ಚುತ್ತಿದ್ದವನು ನೋಡಿದೆ. ಸುಮ್ಮನಿದ್ದೆ.

ಕುಕ್ಕರ್ ಎಷ್ಟು ಕೂಗಿದರೂ ಕಾಳು ಮಣಿಯಲಿಲ್ಲ. ಯಾವತ್ತೂ ತಪ್ಪದ ಕೈ ಅದು. ತಪ್ಪಿದಾಗ ಏನು ಮಾಡಬೇಕೆಂದು ಅದಕ್ಕೆ ಗೊತ್ತಿರಲಿಲ್ಲ.

"ಇದ್ಯಾಕೆ ಹಿಂಗಾಯ್ತು ಕಣಯ್ಯ? ಕಾಳೇ ಸರಿಯಿಲ್ಲ ಅನ್ಸುತ್ತೆ" ಅಂದರು. ಹಣೆ ಬೆವೆತಿತ್ತು.

"ಇನ್ನೊಂದು ಸಲ ಕೂಗ್ಸಿ ಸಾರ್" ಅಂದೆ. ಸೋಡದ ಡಬ್ಬಿ ನನ್ನ ತಲೆಯ ಮೇಲಿನ ಗೂಡಿನಲ್ಲೇ ಇತ್ತು.

ಊಟಕ್ಕೆ ಕೂತರು. ಮುದ್ದೆ ನನ್ನದು, ಬೆಣ್ಣೆಯ ಹಾಗೆ ಬಂದಿತ್ತು. ಸಾರಿನ ಕಾಳು ಹಲ್ಲಿಗೆ ಸಿಕ್ಕಿದ್ದೇ ಹೆಡ್ಮಾಸ್ಟರು ದವಡೆ ಹಿಡಿದುಕೊಂಡರು. "ಕಲ್ಲು ಸೇರ್ಕಂಡೈತಾ ಹೆಂಗೆ?" ಅಂತ ಕೇಳಿದರು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಕಾಳನ್ನೆಲ್ಲ ತಟ್ಟೆಯಂಚಿಗೆ ಸರಿಸಿ, ಬರೀ ತಿಳಿಯಲ್ಲಿ ಮುದ್ದೆ ಮುಳುಗಿಸಿ ತಿಂದೆದ್ದರು. ಹಿರಿಯ ಮೇಷ್ಟ್ರು ತಲೆ ಎತ್ತಲಿಲ್ಲ. ನಾನು ಇನ್ನೊಂದು ಮುದ್ದೆ ಹಾಕಿಕೊಂಡು ನಿಧಾನವಾಗಿ ಉಂಡೆ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತ ಹೇಳಿದೆ. "ಹುಣಸೆ ಮೊದ್ಲೇ ಹಾಕ್ಬುಟ್ರಿ ಸಾರ್. ನೀರು ಬಸಿದು ಒಂದು ಚಿಟಿಕೆ ಸೋಡ ಹಾಕಿದ್ರೆ ಬೆಂದೋಗ್ತಿತ್ತು."

ಅವರು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟರು. "ಗೊತ್ತಿದ್ದೂ ಸುಮ್ಕಿದ್ಯಾ?"

"ನಾನು ಉಗುರುಬೆಚ್ಚಗಿನ ನೀರಿಗೆ ಹಿಟ್ಟು ಸುರಿವಾಗ ನೀವೂ ಅಲ್ಲೇ ನಿಂತಿದ್ರಲ್ಲ ಸಾರ್."

ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತುಹೋಯಿತು. ಅವರು ಊರು ಬಿಟ್ಟ ದಿನ ಬಸ್‌ಸ್ಟ್ಯಾಂಡಿಗೆ ಎಲ್ಲರೂ ಹೋಗಿದ್ದರಂತೆ. ನಾನು ಹೋಗಲಿಲ್ಲ. ಕ್ಷಮಿಸುವುದು ದೊಡ್ಡ ಗುಣ ಎಂದು ಈಗಲೂ ತರಗತಿಯಲ್ಲಿ ಪಾಠ ಹೇಳುತ್ತೇನೆ. ಆ ಮಧ್ಯಾಹ್ನದ ಊಟದಷ್ಟು ರುಚಿಯಾದ ಊಟವನ್ನು ಮಾತ್ರ ನಾನು ಮತ್ತೆ ಉಂಡಿಲ್ಲ.