ಕೈಯಲ್ಲಿ ಉಳಿದ ಒಂದು ದಿನ

ಮಿಲ್ಟ್ರಿ ಕಾಕಾರ ಎಡ ಅಂಗೈಯ ನಡುವೆ ರೂಪಾಯಿ ಅಗಲದಷ್ಟು ಚರ್ಮ ಜಡ್ಡುಗಟ್ಟಿತ್ತು. ಇಪ್ಪತ್ತೆರಡು ವರ್ಷ ಸೈನ್ಯದ ಲಾರಿ ಓಡಿಸುವಾಗ ಗೇರಿನ ಗುಂಡು ತಿಕ್ಕಿ ತಿಕ್ಕಿ ಆದದ್ದು. ಚಿಕ್ಕವರಿದ್ದಾಗ ನಾವು ಅಲ್ಲಿ ಎಷ್ಟು ಚಿವುಟಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಬೈಲಹೊಂಗಲದಲ್ಲಿ ಅವರ ಮನೆ ನಮ್ಮ ಮನೆಗೆ ಹತ್ತಿಕೊಂಡೇ ಇತ್ತು. ನನಗೆ ಗಾಡಿ ಕಲಿಸಿದವರು ಅವರು. ಮೊದಲಿನ ಎಂಟು ದಿನ ಬರೀ ರಿವರ್ಸು. ಬೇಜಾರಾಗಿ ನಾನು ಮುಂದಕ್ಕೆ ಬಿಡುತ್ತೇನೆ ಅಂದರೆ, "ಮುಂದ ಹೋಗೂದು ಎಮ್ಮಿಗೂ ಬರತೈತಿ. ಹಿಂದ ಬಂದು ನಿಲ್ಲೂದು ಕಲಿ" ಅನ್ನುತ್ತಿದ್ದರು. ಗಾಡಿಯ ಮುಖ ಯಾವಾಗಲೂ ರಸ್ತೆಯ ಕಡೆಗೇ ಇರಬೇಕು, ಹೊರಡು ಅಂದ ಕೂಡಲೇ ಹೊರಡುವಂತಿರಬೇಕು. ಸೈನ್ಯ ಕಲಿಸಿದ ಪದ್ಧತಿ.

ಅವರ ಇನ್ನೊಂದು ಮಾತು: "ಒಂದು ದಿನ ಕೈಯಾಗಿರಬೇಕು." ರಜೆಗೆ ಬಂದರೆ, ರಜೆ ಮುಗಿಯುವ ಒಂದು ದಿನ ಮೊದಲೇ ಹೊರಟುಬಿಡುತ್ತಿದ್ದರು. ದಾರಿಯಲ್ಲಿ ರೈಲು ತಡವಾದರೆ ಏನು ಗತಿ ಅಂತ.

ಹಾಗೆ ಹೊರಟ ಒಂದು ಸಲ ಅವರ ಏಳು ವರ್ಷದ ಮಗಳಿಗೆ ಜ್ವರವಿತ್ತು. ಹುಡುಗರ ಜ್ವರ, ಇಳಿಯುತ್ತದೆ ಅಂದುಕೊಂಡು ಧಾರವಾಡಕ್ಕೆ ಹೋಗಿ ರೈಲು ಹತ್ತಿದರು. ಮರುದಿನ ಕೂಸು ತೀರಿಕೊಂಡಿತು. ಕಾಕಾ ರೂಢಿಯಂತೆ ಒಂದು ದಿನ ಮೊದಲೇ ಕೆಲಸದ ಜಾಗ ಮುಟ್ಟಿ, ಕೈಯಲ್ಲಿ ಉಳಿದ ಆ ದಿನ ಲಾರಿ ತೊಳೆಯುತ್ತ ನಿಂತಿದ್ದಾಗ ತಂತಿ ಬಂತು. ಅಷ್ಟರಲ್ಲಿ ಇಲ್ಲಿ ಕೂಸಿನ ಮಣ್ಣು ಮುಗಿದಿತ್ತು. ಮುಂದೆ ಅವರಿಗೆ ಮಕ್ಕಳಾಗಲಿಲ್ಲ. ಓಣಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕು ಕೂಡ.

ನೌಕರಿಯುದ್ದಕ್ಕೂ ಅವರಿಗೆ ಹೆಂಡತಿಯನ್ನು ಕರೆದೊಯ್ಯಲು ಒಂದು ಕ್ವಾರ್ಟರ್ಸ್ ಸಿಗಲಿಲ್ಲ. ಆ ಹಳಹಳಿಗೋ ಏನೋ, ವಯಸ್ಸಾದ ಮೇಲೆ ಶಾಲೆಯವರು ಬಿಟ್ಟ ಒಂದು ಹಳೆಯ ಮಿನಿ ಬಸ್ಸು ತಂದರು. ಸೀಟು ಕಿತ್ತು ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಡ್ರಮ್ಮು ಕೂಡಿಸಿದರು. ಕಿಟಕಿಗೆ ಕಾಕುವಿನ ಹಳೆಯ ಇಳಕಲ್ಲ ಸೀರೆಯ ಪರದೆ. ಕಾಕು ಅದನ್ನು ಕಂಡವರಿಗೆಲ್ಲ, ನಮ್ಮವರಿಗೆ ಈಗ ಕ್ವಾರ್ಟರ್ಸ್ ಮಂಜೂರಾತು ನೋಡ್ರಿ, ಗಾಲಿ ಹಚ್ಚಿ ಕೊಟ್ಟಾರ ಅಂತ ಹೇಳಿ ನಗಿಸುತ್ತಿದ್ದರು.

ಸವದತ್ತಿಯ ಆಚೆ ಹಿನ್ನೀರಿನ ದಂಡೆಗೆ, ಕಾಕಾರ ಜೊತೆ ನೌಕರಿ ಮಾಡಿದವರೊಬ್ಬರ ಹೊಲವಿದೆ. ಜೋಳದ ರಾಶಿ ಮುಗಿದ ಮೇಲೆ ಅದರ ಅಂಚನ್ನು ಅವರು ಮಿಲ್ಟ್ರಿ ಕುಟುಂಬಗಳಿಗೆ ಐದು ದಿನ ಬಿಟ್ಟುಕೊಡುತ್ತಾರೆ. ಡೇರೆ ಹಾಕುವವರು ಡೇರೆ, ಗಾಡಿ ಇದ್ದವರು ಗಾಡಿ. ಅಲ್ಲಿ ಒಂದೇ ಕಟ್ಟಳೆ: ಸೈನ್ಯದಂತೆ ಮುಂಜಾನೆ ಸೀಟಿ ಊದಬಾರದು, ಮಲಗಿದವರನ್ನು ಯಾರೂ ಎಬ್ಬಿಸಬಾರದು. ಆದರೂ ಕಾಕಾ ನಾಲ್ಕಕ್ಕೇ ಎದ್ದು, ಬೆಳಕಾಗುವಷ್ಟರಲ್ಲಿ ಗಾಡಿಯ ಕನ್ನಡಿಯಲ್ಲಿ ಗಡ್ಡ ಹೆರೆದುಕೊಂಡು ಸಿದ್ಧರಾಗಿರುತ್ತಿದ್ದರು. ನಾಲ್ಕನೆಯ ದಿನ ಸಂಜೆ ಗಂಟು ಕಟ್ಟಿಬಿಡುತ್ತಿದ್ದರು. ಐದನೆಯ ದಿನವನ್ನು ಕಾಕು ಒಮ್ಮೆಯೂ ಅಲ್ಲಿ ಕಂಡಿರಲಿಲ್ಲ.

ಕೊನೆಯ ಸಲ ಕಾಕಾರಿಗೆ ಕಣ್ಣು ಮಂಜಾಗಿತ್ತೆಂದು ಗಾಡಿ ಓಡಿಸಿಕೊಂಡು ನಾನೇ ಹೋಗಿದ್ದೆ. ಯರಗಟ್ಟಿಯಲ್ಲಿ ಕಾಯಿಪಲ್ಯೆ ಕೊಂಡೆವು. ಮೂರು ದಿನ ರೊಟ್ಟಿ, ಮೀನು ಹಿಡಿಯುವವರ ದೋಣಿ, ಹಳೆಯ ದೋಸ್ತರ ಇಸ್ಪೀಟು. ನಾಲ್ಕನೆಯ ಸಂಜೆ ಕಾಕಾ ಖುರ್ಚಿ ಮಡಚಲು ಶುರು ಮಾಡಿದರು. ಕಾಕು ಮಾತ್ರ ತಮ್ಮ ಖುರ್ಚಿ ಬಿಟ್ಟು ಏಳಲಿಲ್ಲ.

"ಏಳು, ಇದೊಂದು ಮಡಚಿ ಇಡತೇನಿ. ನಾಳೆ ಇದ್ದು ಏನು ಮಾಡ್ತಿ?"

ಕಾಕು ನೀರು ನೋಡುತ್ತಲೇ ಹೇಳಿದರು: "ಆವತ್ತೂ ಒಂದು ದಿನ ನಿಮ್ಮ ಕೈಯಾಗಿತ್ರಿ. ಕೂಸು ದಿನಾಪೂರ್ತಿ ಬಾಗಲಾ ನೋಡಿತ್ರಿ. ಇದೊಂದು ದಿನಾ ನನಗ ಕೊಡ್ರಿ."

ನಲವತ್ತು ವರ್ಷದಲ್ಲಿ ಕಾಕು ಆ ಮಾತು ಎತ್ತಿದ್ದು ಅದೇ ಮೊದಲು.

ಕಾಕಾ ಮಡಚಿದ ಖುರ್ಚಿ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಅದನ್ನು ಬಿಚ್ಚಿ ಕಾಕುವಿನ ಪಕ್ಕಕ್ಕೆ ಇಟ್ಟರು. ನನ್ನ ಕೈಯಿಂದ ಕೀಲಿ ಇಸಿದುಕೊಂಡು, ಮಂಜುಗಣ್ಣಲ್ಲೇ ಮೂರು ಸಲ ಹಿಂದೆ ಮುಂದೆ ಮಾಡಿ, ರಸ್ತೆಗೆ ಮುಖ ಮಾಡಿದ್ದ ಗಾಡಿಯನ್ನು ನೀರಿನ ಕಡೆ ತಿರುಗಿಸಿ ನಿಲ್ಲಿಸಿದರು. ಗಾಲಿಗೆ ಎರಡು ಕಲ್ಲು ಕೊಟ್ಟರು.

ಮರುದಿನ ಅವರು ನಾಲ್ಕಕ್ಕೆ ಏಳಲಿಲ್ಲ. ಕಾಕು ಗಾಡಿಯ ಮೆಟ್ಟಿಲ ಮೇಲೆ ಕುಳಿತು, ಹತ್ತಿರ ಬಂದವರನ್ನೆಲ್ಲ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ಬಿಸಿಲು ಬೇವಿನ ಗಿಡದ ಮೇಲೆ ಬಂದಾಗ ಕಾಕಾ ಎದ್ದರು. ಅವತ್ತು ಗಡ್ಡ ಹೆರೆದುಕೊಳ್ಳಲಿಲ್ಲ. ಮಧ್ಯಾಹ್ನ ಗಂಡ ಹೆಂಡತಿ ದಂಡೆಗೆ ಕುಳಿತಿದ್ದಾಗ ಕಾಕಾ ಮಗಳ ಹೆಸರು ಹಿಡಿದು ಮಾತು ತೆಗೆದರು. ನಾನು ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅವತ್ತೇ. ಅವಳ ಹಳದಿ ಲಂಗ ನೆನಪೈತಿ ಅಂದರು. ಕಾಕು, ಹಳದಿ ಅಲ್ಲ, ಹಸಿರು ಅಂದರು.

"ನಾ ಹೊಂಟಾಗ ಹಳದಿ ಇತ್ತು."

"ಮರುದಿನಾ ಹಸಿರು ಹಾಕಿದ್ನಿರಿ."

ಕಾಕು ಸಂಜೆಯ ತನಕ ಕಾಕಾರ ಎಡಗೈ ತಮ್ಮ ತೊಡೆಯ ಮೇಲಿಟ್ಟುಕೊಂಡು, ಜಡ್ಡುಗಟ್ಟಿದ ಆ ಜಾಗವನ್ನು ಹೆಬ್ಬೆರಳಿಂದ ತಿಕ್ಕುತ್ತ ಕುಳಿತಿದ್ದರು.

ಎರಡು ತಿಂಗಳಿಗೆ, ಬೈಲಹೊಂಗಲದ ಮನೆಯಲ್ಲಿ, ಒಂದು ಮುಂಜಾನೆ ಕಾಕಾ ಮತ್ತೆ ನಾಲ್ಕಕ್ಕೆ ಏಳಲಿಲ್ಲ. ಮಲಗಲಿ ಬಿಡು ಅಂತ ಕಾಕು ಬಾಗಿಲು ಮುಂದಕ್ಕೆ ಎಳೆದು, ಸಪ್ಪಳ ಮಾಡದೆ ಚಹಾಕ್ಕಿಟ್ಟರು. ಬಿಸಿಲೇರಿದ ಮೇಲೆ ಹೋಗಿ ಮುಟ್ಟಿ ನೋಡಿದರು.

ಮಣ್ಣಿಗೆ ಬಂದ ಮಂದಿ ಕೂಡಲು ಜಾಗ ಬೇಕೆಂದು ಗಾಡಿಯನ್ನು ಹಿಂದಿನ ಓಣಿಗೆ ಒಯ್ದಿದ್ದೆ. ಎಲ್ಲ ಮುಗಿದ ಮೇಲೆ ತಂದು, ಅವರು ಕಲಿಸಿದಂತೆ, ಹಿಂದಕ್ಕೆ ಬಂದು, ರಸ್ತೆಗೆ ಮುಖ ಮಾಡಿ ನಿಲ್ಲಿಸಿದೆ. ಒಂದೇ ಸಲಕ್ಕೆ, ಗೋಡೆಗೆ ಗೇಣು ಬಿಟ್ಟು. ನೋಡಿ ಶಭಾಷ್ ಅನ್ನುವವರು ಇರಲಿಲ್ಲ. ಕಾಕು ಹೊಸ್ತಿಲಿಗೆ ಬಂದರು.

"ಇನ್ನ ಎಲ್ಲಿಗಿ ಹೋಗೂದೈತಿ, ತಮ್ಮಾ? ಅದರ ಮುಖಾ ಮನಿ ಕಡೆ ಮಾಡು."

ಮತ್ತೆ ಹತ್ತಿ ಕುಳಿತೆ. ಗೇರಿನ ಗುಂಡು ಸವೆದು ನುಣ್ಣಗಾಗಿತ್ತು. ನನ್ನ ಎಡ ಅಂಗೈಯ ನಡುವೆ ತಣ್ಣಗೆ ಬಂದು ಕುಳಿತಿತು. ಗಾಡಿಯನ್ನು ಮನೆಯ ಕಡೆ ತಿರುಗಿಸಿ ನಿಲ್ಲಿಸಿ, ಇಳಿದು ಗಾಲಿಗೆ ಎರಡು ಕಲ್ಲು ಕೊಟ್ಟೆ.