ರೋಸ್ ಆಂಟಿ ಮನೆಯ ಹಾಡಿನ ಸಿನಿಮಾಗಳು

ಸಿನಿಮಾ ನೋಡಬೇಕೆಂದರೆ ಪ್ಲಾಸ್ಟಿಕ್ ಡಬ್ಬಿ ತೆರೆದು, ಮಿರಮಿರ ಹೊಳೆಯುವ ಡಿಸ್ಕನ್ನು ಅಂಗಿಯ ಅಂಚಿಗೆ ಒರೆಸಿ ಪ್ಲೇಯರಿಗೆ ಹಾಕಬೇಕಾಗಿದ್ದ ದಿನಗಳು. ನಡುವೆ ಅದು ಸಿಕ್ಕಿಕೊಂಡು ನಾಯಕ ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಡುತ್ತಿದ್ದುದು ನಿಮಗೂ ನೆನಪಿರಬಹುದು. ನಾವಾಗ ದೇಶ ಬಿಟ್ಟು ಬಂದು ಸೆಂಬವಾಂಗ್‌ನಲ್ಲಿದ್ದೆವು. ಅಪ್ಪ ಹಡಗು ರಿಪೇರಿ ಯಾರ್ಡಿನಲ್ಲಿ ಎಂಜಿನಿಯರ್. ನನಗೆ ಎಂಟು ವರ್ಷ. ಅಮ್ಮ ಎರಡನೆಯ ಸಲ ಬಸುರಿ. ಆರು ತಿಂಗಳಿಗೇ ಏನೋ ತೊಂದರೆಯಾಗಿ, ಹಾಸಿಗೆ ಬಿಟ್ಟು ಏಳಲೇಬಾರದೆಂದು ಡಾಕ್ಟರು ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅಮ್ಮನ ತಾಯಿ, ನಮ್ಮಜ್ಜಿ, ಮೈಸೂರಿನಿಂದ ಮೊದಲ ಸಲ ವಿಮಾನ ಹತ್ತಿ ಬಂದರು.

ಅಜ್ಜಿಗೆ ಇಂಗ್ಲಿಷ್ ಬಾರದು. ಪಕ್ಕದ ಮನೆಯ ರೋಸ್ ಆಂಟಿಗೆ ಕನ್ನಡವೆಂಬ ಭಾಷೆ ಇದೆಯೆಂದೇ ಗೊತ್ತಿರಲಿಲ್ಲ. ಗಂಡ ತೀರಿಹೋಗಿ ಒಂಟಿಯಾಗಿದ್ದ ಚೀನೀ ಹೆಂಗಸು ಆಕೆ. ನಾನು ಸ್ಕೂಲಿಂದ ಬಂದ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರೂ ತಮ್ಮ ಮನೆಯಲ್ಲೇ ಇರಲಿ, ಫೋನ್ ಮಾಡುವುದಾದರೆ ಅಲ್ಲಿಗೇ ಮಾಡು ಎಂದು ಅಪ್ಪನಿಗೆ ಅವರೇ ಹೇಳಿದರು. ಹಾಗಾಗಿ ಪ್ರತಿ ಮಧ್ಯಾಹ್ನ ಅಜ್ಜಿ ಒಂದು ಡಬ್ಬಿಯಲ್ಲಿ ಮೆಂತ್ಯದ ದೋಸೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಆ ಬಾಗಿಲು ತಟ್ಟುತ್ತಿದ್ದರು. ಒಳಗೆ ಪಾಂಡನ್ ಎಲೆ ಹಾಕಿ ಬೇಯಿಸಿದ ಕೇಕಿನ ಘಮ, ಅದರ ಜೊತೆಗೆ ಮಂಡಿಗೆ ಹಚ್ಚುವ ಮುಲಾಮಿನ ವಾಸನೆ. ಕೇಕಿನಲ್ಲಿ ಮೊಟ್ಟೆ ಇದೆಯೆಂದು ಅಜ್ಜಿ ತಿನ್ನುತ್ತಿರಲಿಲ್ಲ, ನನ್ನನ್ನು ಬೇಡ ಅನ್ನುತ್ತಲೂ ಇರಲಿಲ್ಲ. ದೋಸೆಯನ್ನು ರೋಸ್ ಆಂಟಿ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದರು.

ಅವರ ಗಂಡ ಕೂಡಿಟ್ಟು ಹೋದ ಹಳೆಯ ಹಾಲಿವುಡ್ ಸಿನಿಮಾಗಳು ಒಂದು ಕಪಾಟಿನ ತುಂಬ ಇದ್ದವು. ಹೆಚ್ಚಿನವು ಒಬ್ಬನೇ ಹಾಡುಗಾರನವು. ಬಿಳಿ ಕೋಟು, ಓರೆ ಟೋಪಿ, ಬೆಣ್ಣೆಯಂಥ ದನಿ. ಅವನು ಹಡಗಿನ ಡೆಕ್ಕಿನ ಮೇಲೆ ಹಾಡುತ್ತ ಹಾಡುತ್ತ ಹಿಂದೆ ಸರಿದು ಈಜುಕೊಳಕ್ಕೆ ಬೀಳುತ್ತಿದ್ದ, ಯಾರಿಗೋ ತಂದ ಹೂವನ್ನು ಇನ್ಯಾರಿಗೋ ಕೊಟ್ಟು ಪೇಚಿಗೆ ಸಿಕ್ಕುತ್ತಿದ್ದ. ಆ ಅಮೆರಿಕನ್ ಮಾತಿನ ಓಟ ನನಗೂ ಪೂರ್ತಿ ಹಿಡಿಯುತ್ತಿರಲಿಲ್ಲ. ಅಜ್ಜಿಗೆ ಅದರ ಚಿಂತೆಯೇ ಇರಲಿಲ್ಲ. ಅವರೇ ಕತೆ ಕಟ್ಟಿ ಹೇಳುತ್ತಿದ್ದರು. ಆ ಹುಡುಗಿಗೆ ಸಿಟ್ಟು ಬಂದದ್ದು ಇವನು ಸಾರಿಗೆ ಉಪ್ಪು ಸಾಲದು ಅಂದದ್ದಕ್ಕೆ. ಆ ಬೋಳುತಲೆಯವನು ಹುಡುಗಿಯ ಸೋದರಮಾವ, ಮದುವೆ ತಪ್ಪಿಸಲೆಂದೇ ಹಡಗು ಹತ್ತಿದ್ದಾನೆ.

ಆದರೆ ನನ್ನ ಕಿವಿ ಇರುತ್ತಿದ್ದುದು ಫೋನಿನ ಕಡೆ. ಅದು ರಿಂಗಾದ ಕೂಡಲೇ ಅಜ್ಜಿ ಎದ್ದು, ಅಡುಗೆಮನೆಗೆ ಹೋಗಿ ಮಾತಾಡುತ್ತಿದ್ದರು. ಆಗ ರೋಸ್ ಆಂಟಿ ರಿಮೋಟ್ ತೆಗೆದುಕೊಂಡು ಸೌಂಡ್ ಜಾಸ್ತಿ ಮಾಡುತ್ತಿದ್ದರು. ಕೆಲವೇ ದಿನಗಳಲ್ಲಿ ನನಗೆ ಅರ್ಥವಾಯಿತು: ಹಾಡು ಜೋರಾಯಿತೆಂದರೆ ಅಮ್ಮನ ಸುದ್ದಿ, ಅದು ನಾನು ಕೇಳಬಾರದ ಸುದ್ದಿ. ಅವನ ದನಿ ಏರಿದ ಹಾಗೆಲ್ಲ ನಾನು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಕೆಳಗೆ ನಮ್ಮ ಕಟ್ಟಡದ ಬುಡದ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ ಮಕ್ಕಳು ಕಲ್ಲಾಟ ಆಡುವಾಗ ಕರೆದರೂ ಹೋಗುತ್ತಿರಲಿಲ್ಲ. ನಾನಿಲ್ಲದಾಗ ಫೋನ್ ಬಂದರೆ ಅನ್ನುವ ಭಯ. ಅಜ್ಜಿ ವಾಪಸು ಬಂದಾಗ ಅವರ ಮುಖವನ್ನು ನೋಡುತ್ತಿದ್ದೆ. ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ.

ಒಂದು ದಿನ ಫೋನ್ ಎಂದಿಗಿಂತ ಬೇಗ ಬಂತು. ನಾನಿನ್ನೂ ಯೂನಿಫಾರ್ಮಿನಲ್ಲೇ ಇದ್ದೆ. ರೋಸ್ ಆಂಟಿ ಸೌಂಡ್ ಏರಿಸಿದರು, ಇನ್ನೂ ಏರಿಸಿದರು. ನನ್ನ ತಲೆ ಸವರಿ, "ಡೋಂಟ್ ವರಿ ಲಾ, ಗರ್ಲ್" ಅಂದರು. ಅದುವರೆಗೆ ಅವರು ಹಾಗೆ ಅಂದಿರಲಿಲ್ಲ.

ಅಜ್ಜಿ ತುಂಬ ಹೊತ್ತಿನ ಮೇಲೆ ಬಂದರು. ಮುಖ ತೊಳೆದಿದ್ದರು, ಮುಂಗೂದಲು ಒದ್ದೆಯಾಗಿತ್ತು. ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು.

"ಆಮೇಲೆ ಏನಾಯ್ತು, ಅಜ್ಜಿ?" ಕೇಳಿದೆ. ಕೇಳಿದ್ದು ಸಿನಿಮಾದ ಬಗ್ಗೆಯಲ್ಲ.

"ಆಮೇಲೆ ಹಡಗು ಊರು ಮುಟ್ತು ಪುಟ್ಟಿ. ಸೋದರಮಾವ ಒಪ್ಕೊಂಡ," ಅಂದರು. ಸಿನಿಮಾ ಮುಗಿಯುವವರೆಗೂ ಹೇಳುತ್ತಲೇ ಹೋದರು. ಒಂದೆರಡು ಕಡೆ ನಕ್ಕರು ಕೂಡ.

ಸಂಜೆ ಅಪ್ಪ ಬಂದು, ಶೂ ಕಳಚದೆ ನನ್ನೆದುರು ನೆಲದ ಮೇಲೆ ಕೂತರು. ಪಾಪು ಉಳಿಯಲಿಲ್ಲ, ಅಮ್ಮ ಚೆನ್ನಾಗಿದ್ದಾಳೆ ಅಂದರು. ನನಗೆ ಕೇಳಿಸಿದ್ದು ಎರಡನೆಯದು ಮಾತ್ರ.

ಹೋದ ತಿಂಗಳು ಅಮ್ಮನ ಮಂಡಿ ಆಪರೇಷನ್ ಆಯಿತು. ಈಗ ಅವಳಿರುವುದು ಜುರಾಂಗ್ ವೆಸ್ಟ್‌ನ ನನ್ನ ಮನೆಯಲ್ಲಿ. ಬೇಸರ ಕಳೆಯಲೆಂದು ಹುಡುಕಿದಾಗ ಆ ಸಿನಿಮಾಗಳು ಸಿಕ್ಕವು. ಸೋದರಮಾವ ಅಸಲಿಗೆ ಹಡಗಿನ ಕ್ಯಾಪ್ಟನ್ ಎಂದು ಗೊತ್ತಾಗಿ ನನಗೆ ನಗು ಬಂತು. ಅಜ್ಜಿಯ ಕತೆಯನ್ನು ಅಮ್ಮನಿಗೆ ಹೇಳುತ್ತಾ ಹೋದೆ. ಅವಳೂ ನಕ್ಕಳು. ಅವತ್ತಿನ ಫೋನಿನ ವಿಷಯಕ್ಕೆ ಬಂದಾಗ ಅವಳ ನಗು ನಿಂತಿತು.

"ಪಾಪು ಸ್ವಲ್ಪ ಹೊತ್ತು ಉಸಿರಾಡ್ತಿದ್ದ," ಅಂದಳು. "ಟ್ಯಾಕ್ಸಿ ಕಳಿಸ್ತೀನಿ, ಬಂದು ಒಂದ್ಸಲ ಮುಖ ನೋಡ್ಕೊಳ್ಳಿ ಅಂತ ನಿಮ್ಮಪ್ಪ ಫೋನ್ ಮಾಡಿದ್ರು. ನಿಮ್ಮಜ್ಜಿ, ತಾನೂ ಎದ್ದು ಬಂದ್ಬಿಟ್ರೆ ಪುಟ್ಟಿ ಹೆದರ್ಕೊಳ್ತಾಳೆ ಅಂತ ಬರಲಿಲ್ಲ."

ಟಿವಿಯಲ್ಲಿ ಅವನು ಹಾಡುತ್ತಲೇ ಇದ್ದ. ಇಬ್ಬರೂ ನಿಲ್ಲಿಸಲಿಲ್ಲ.

ಅಜ್ಜಿ ಮೈಸೂರಿಗೆ ವಾಪಸು ಹೋದ ಮೇಲೆ ಎಷ್ಟೋ ವರ್ಷ ಪ್ರತಿ ಭಾನುವಾರ ನಾವು ಫೋನಿನಲ್ಲಿ ಮಾತಾಡಿದ್ದೇವೆ. ಪರೀಕ್ಷೆ, ಊಟ, ಗೊಜ್ಜು ಮಾಡುವ ಬಗೆ. ಇದೊಂದನ್ನು ಅವರು ಯಾವತ್ತೂ ಹೇಳಲಿಲ್ಲ. ಈಗ ಅವರಿಲ್ಲ. ರೋಸ್ ಆಂಟಿ ಮಗಳ ಮನೆಗೆ ಶಿಫ್ಟ್ ಆದವರು ಎಲ್ಲಿದ್ದಾರೋ ತಿಳಿಯದು. ನನಗೊಬ್ಬ ತಮ್ಮ ಇದ್ದ, ಸ್ವಲ್ಪ ಹೊತ್ತು. ಅವನ ಮುಖ ನೋಡಲೆಂದು ಅಷ್ಟು ದೂರದಿಂದ ಬಂದ ಅಜ್ಜಿ, ನೋಡದೆಯೇ ಹೋದರು.