ಡೋಲ್ಫಿಯ ಏಳನೆಯ ಹಾಡು

ದುಬೈಯ ಬಿರುಬಿಸಿಲಿನಲ್ಲಿ ಮೊಣಕಾಲುದ್ದದ ತೊಗಲಿನ ಬೂಟು, ಅಗಲ ಅಂಚಿನ ಕೌಬಾಯ್ ಟೋಪಿ ತೊಟ್ಟು ಬಸ್ಸಿಗೆ ಕಾಯುತ್ತಿದ್ದ ಮಂಗಳೂರಿಗ ಒಬ್ಬನೇ, ನನ್ನ ರೂಮ್‌ಮೇಟ್ ಡೋಲ್ಫಿ. ಕುದುರೆಯನ್ನು ಅವನು ಹತ್ತಿರದಿಂದ ನೋಡಿದ್ದೂ ಅನುಮಾನ. ಹಡಗಿನಲ್ಲಿ ಅಡುಗೆಯವರಾಗಿದ್ದ ಅವನಪ್ಪ ತರುತ್ತಿದ್ದ ಕ್ಯಾಸೆಟ್‌ಗಳನ್ನು ಕೇಳಿ ಕೇಳಿಯೇ ಅಮೆರಿಕದ ಕಂಟ್ರಿ ಹಾಡು ಕಲಿತವನು. ಗುರುವಿಲ್ಲ, ಸಾಧನೆಯಿಲ್ಲ.

ನಾನೋ, ಕುಂದಾಪುರದಲ್ಲಿ ಹನ್ನೆರಡು ವರ್ಷ ಶಾಸ್ತ್ರೀಯ ಸಂಗೀತದ ಸರಳೆ, ಜಂಟಿವರಸೆ ತೀಡಿದವನು. ಅಲ್ ನಹ್ದಾದಲ್ಲಿ ಕನ್ನಡದವರ ಯಾವ ಕಾರ್ಯಕ್ರಮವಿದ್ದರೂ ಮೊದಲ ಹಾಡು ನನ್ನದು. ಜನ ಚಪ್ಪಾಳೆ ತಟ್ಟಿ ಊಟದ ಸಾಲಿಗೆ ಹೋಗುತ್ತಿದ್ದರು. ಡೋಲ್ಫಿ ಹಾಡಿದರೆ ಮಾತ್ರ ತಟ್ಟೆ ಹಿಡಿದವರೂ ಅಲ್ಲೇ ನಿಲ್ಲುತ್ತಿದ್ದರು. ಊರಿನಿಂದ ವಿಡಿಯೊ ಕಾಲ್ ಮಾಡುವ ನನ್ನ ಹೆಂಡತಿ ಕೂಡ, "ಅವ್ರ ಹತ್ರ ಒಂದ್ ಹಾಡ್ ಹೇಳ್ಸಿ, ಕಾಂಬ" ಎನ್ನುತ್ತಿದ್ದಳು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ನನಗೆ ಅವನ ಶ್ರುತಿ ಡೊಂಕಾಗಿ ಕಾಣುತ್ತಿತ್ತು. ಸುಮ್ಮನೆ ಯಾಕೆ ಸುತ್ತಿ ಬಳಸಿ ಹೇಳಲಿ, ಅದು ಹೊಟ್ಟೆಕಿಚ್ಚು.

ಕುಡಿತ ಅವನನ್ನು ಚೆನ್ನಾಗಿಯೇ ತಿಂದಿತ್ತು. ಹಾಡುತ್ತಿದ್ದ ಹೋಟೆಲಿನವರು ಕೈಬಿಟ್ಟಿದ್ದರು, ಹೆಂಡತಿ ಮಗಳನ್ನು ಕರೆದುಕೊಂಡು ಬಜ್ಪೆಗೆ ಹೋಗಿದ್ದಳು. ಕೇಳಿದರೆ, "ದುಃಖ ಗಂಟಲಲ್ಲಿರ್ಬೇಕು ಮಾರಾಯ, ಹೊಟ್ಟೆಯಲ್ಲಿಟ್ರೆ ಹುಣ್ಣಾಗ್ತದೆ" ಎಂದು ನಗುತ್ತಿದ್ದ. ಕೊನೆಗೆ ಶ್ವಾಸಕೋಶವೂ ಕೈಕೊಟ್ಟಿತು. ವಿಮಾನ ಹತ್ತುವುದೇ ಬೇಡ ಎಂದರು ಡಾಕ್ಟರು. ಮಗಳ ಮದುವೆ ಗೊತ್ತಾದದ್ದು ಅದೇ ಹೊತ್ತಿಗೆ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರವಾದ ರೋಸ್‌ನಲ್ಲಿ ಹಾಕಲೆಂದು ಕೊಂಕಣಿಯಲ್ಲಿ ಏಳು ಹಾಡು ಕಟ್ಟಿದ.

"ನನಗೆ ಹೋಗ್ಲಿಕ್ಕಾಗುದಿಲ್ಲ ಸುಧಾ. ಹಾಡಾದ್ರೂ ಹೋಗ್ಲಿ," ಎಂದ ನನಗೆ.

ಮೈಕು, ಲ್ಯಾಪ್‌ಟಾಪು ನನ್ನವು. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ರೂಮಿನ ಏಸಿ ಗುಂಯ್‌ಗುಡುತ್ತಿತ್ತು, ಅದಕ್ಕೇ ಪ್ರತಿ ಹಾಡಿಗೂ ಅದನ್ನು ಆಫ್ ಮಾಡುವುದು ನನ್ನ ನಿಯಮ. ಕಿಟಕಿಗೆ ಕಂಬಳಿ, ಹೊರಗೆ ಆಗಸ್ಟ್ ತಿಂಗಳು. ನಾನು ಹತ್ತು ಸಲ ಹಾಡಿದರೂ ಸರಿಬಾರದ್ದು ಅವನಿಗೆ ಒಂದೇ ಸಲಕ್ಕೆ ಒಲಿಯುತ್ತಿತ್ತು. ಮೂರು ಶನಿವಾರಗಳಲ್ಲಿ ಆರು ಹಾಡು ಮುಗಿದವು.

ನಾಲ್ಕನೆಯ ಶನಿವಾರ ಮಧ್ಯಾಹ್ನ ಅವನು ಏದುಸಿರು ಬಿಡುತ್ತಲೇ ಗಿಟಾರ್ ಎತ್ತಿಕೊಂಡು ಏಳನೆಯದರ ಮೊದಲ ಸಾಲು ಗುನುಗಿದ. ಅಂಥದ್ದು ನನ್ನ ಜನ್ಮದಲ್ಲಿ ಬರುವುದಿಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ಏಸಿ ರಿಮೋಟ್ ಕೈಯಲ್ಲಿತ್ತು. ಒತ್ತದೆ ಮೇಜಿನ ಮೇಲಿಟ್ಟೆ. ಶುರು ಮಾಡು ಎಂದೆ. ಹೆಡ್‌ಫೋನಿನಲ್ಲಿ ಅವನ ದನಿಯ ಅಡಿಯಲ್ಲಿ ಆ ಗುಂಯ್ ಸದ್ದು ಉದ್ದಕ್ಕೂ ಕೇಳಿಸುತ್ತಿತ್ತು, ನಾನು ಕೇಳುತ್ತಾ ಕೂತಿದ್ದೆ. ಹಾಡಿ ಮುಗಿಸಿ "ಖಲಾಸ್" ಎಂದು ಟೋಪಿ ತೆಗೆದ. ಚೆನ್ನಾಗಿ ಬಂತು ಎಂದೆ. ಮುಂದಿನ ಶನಿವಾರ ಹೇಳಿ ಇನ್ನೊಮ್ಮೆ ಹಾಡಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬುಧವಾರ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಶನಿವಾರಕ್ಕೆ ಅವನಿರಲಿಲ್ಲ.

ಆ ಸದ್ದು ತೆಗೆಯಲು ವಾರಗಟ್ಟಲೆ ಒದ್ದಾಡಿದೆ. ತೆಗೆದರೆ ಅವನ ಉಸಿರೂ ಹೋಗುತ್ತಿತ್ತು. ಇದ್ದ ಹಾಗೆಯೇ ಕಳಿಸಿದೆ.

ತಡವಾಗಿ ನಡೆದ ಮದುವೆ ಮುಗಿದ ಮೇಲೆ ಅವನ ಮಗಳು ಫೋನ್ ಮಾಡಿದಳು. ಏಳನೆಯ ಹಾಡಿಗೆ ಚಪ್ಪರದಲ್ಲಿದ್ದವರೆಲ್ಲ ಅತ್ತರಂತೆ. ಏಸಿ ಸದ್ದಿನ ಬಗ್ಗೆ ನಾನು ಏನೋ ತೊದಲತೊಡಗಿದೆ.

"ಪಪ್ಪ ಆಸ್ಪತ್ರೆಯಿಂದ ಫೋನಲ್ಲಿ ಹೇಳಿದ್ರು ಅಂಕಲ್," ಎಂದಳು. "'ನನಗೆ ದಮ್ಮು ಕಟ್ಟುದು ನೋಡಿ ಸುಧಾ ಅವತ್ತು ಏಸಿ ಆಫ್ ಮಾಡ್ಲಿಲ್ಲ, ರೆಕಾರ್ಡಿಂಗ್ ಹಾಳಾದ್ರೂ ಅಡ್ಡಿಲ್ಲ ಅಂತ ಬಿಟ್ಟ' ಅಂತ."

ಹಾಗಾದರೆ ಅವನಿಗೂ ಕೇಳಿಸಿತ್ತು. ನಾನು ಹೌದಮ್ಮಾ ಎಂದೆ. ಅವನ ಟೋಪಿ ಇನ್ನೂ ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಮೊದಲು ಅವನ ಕಂಠ ಕಂಡು ಹೊಟ್ಟೆ ಉರಿಯುತ್ತಿತ್ತು, ಈಗ ಅವನ ಮನಸ್ಸು ಕಂಡೂ ಉರಿಯುತ್ತದೆ.